ಮಾವನ ಊಟದಲ್ಲಿ ಸಿಕ್ಕ ಕೂದಲು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಇಳಕಲ್ಲಿನ ಒಂದು ನೇಕಾರರ ಮನೆಗೆ ಸೊಸೆಯಾಗಿ ಬಂದೆ. ನನ್ನ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಹೆಣ್ಣು ನೋಡಲು ಬಂದಾಗ ಅತ್ತೆಗೆ ನನ್ನಲ್ಲಿ ಹಿಡಿಸಿದ್ದು ಅದೊಂದೇ. ವರ್ಷ ತುಂಬುವುದರೊಳಗೆ ಅದೇ ಕೂದಲು ನನಗೆ ಮುಳುವಾಯಿತು.

ಆಗಿದ್ದಿಷ್ಟು. ತಂಬಾಕಿನ ದೆಸೆಯಿಂದ ಮಾವನ ಗಲ್ಲದ ಒಳಭಾಗಕ್ಕೆ ಕ್ಯಾನ್ಸರ್ ಬಂತು. ದೊಡ್ಡ ಊರಿನ ದವಾಖಾನೆಯಲ್ಲಿ ಕೆಟ್ಟ ಭಾಗ ಕೊಯ್ದು ತೆಗೆದು, ಅವರದೇ ಎದೆಯ ಮಾಂಸ, ಚರ್ಮ ತಂದು ಅಲ್ಲಿಗೆ ಹೊಲಿದರು. ಹೊಲಿಗೆ ಕೂಡಿತು, ಆದರೆ ದವಡೆಯ ಕೆಳಗೆ ಒಂದು ಸಣ್ಣ ತೂತು ಉಳಿಯಿತು. ಮಜ್ಜಿಗೆ ಕುಡಿದರೆ ಅರ್ಧ ಹೊಟ್ಟೆಗೆ, ಅರ್ಧ ಕುತ್ತಿಗೆಗೆ ಸುತ್ತಿದ ಟವೆಲ್ಲಿಗೆ. ಚೆನ್ನಾಗಿ ಉಂಡು ಮೈಗೆ ಕಸುವು ಬಂದರೆ ತೂತು ತಾನೇ ಮುಚ್ಚುತ್ತದೆ, ಇಲ್ಲದಿದ್ದರೆ ಮತ್ತೆ ಕೊಯ್ಯಬೇಕು ಎಂದು ಹೇಳಿ ಕಳಿಸಿದ್ದರು. ಮತ್ತೊಮ್ಮೆ ಕೊಯ್ಯಿಸಿಕೊಳ್ಳುವ ತ್ರಾಣ ಮಾವನಲ್ಲಿ ಇರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು.

ಅಂಥಾದ್ದರಲ್ಲಿ ಮಾವ ಊಟ ಬಿಟ್ಟರು. ತುತ್ತು ಬಾಯಿಗಿಟ್ಟರೆ ಸಾಕು, "ಕೂದಲ ಐತಿ" ಎಂದು ತಾಟು ಸರಿಸುವರು.

"ತಲಿ ಹಿಕ್ಕೊಂಡು ಒಲಿ ಮುಂದ ಕುಂದರಬ್ಯಾಡಂತ ಎಷ್ಟ ಸಲ ಹೇಳ್ಲೆವ್ವಾ ನಿನಗ? ನನ್ನ ಗಂಡನ್ನ ಉಪಾಸ ಕೆಡವತೀಯೇನ?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು ನನ್ನ ಪಾಡು. ತಲೆಗೆ ಬಟ್ಟೆ ಕಟ್ಟಿದೆ. ಕೂದಲು ನಿಲ್ಲಲಿಲ್ಲ. ಆಮೇಲೆ ಅತ್ತೆಗೆ ತಮ್ಮ ಮೇಲೇ ಅನುಮಾನ ಬಂದು ಅವರೂ ಕಟ್ಟಿಕೊಂಡರು. ಇಬ್ಬರೂ ಒಲೆ ಮುಂದೆ ಕೂತರೆ ಸಂತೆಯ ಹಮಾಲರಂತೆ ಕಾಣುತ್ತಿದ್ದೆವು. ಹಿಟ್ಟನ್ನು ಜರಡಿ ಹಿಡಿದದ್ದೇ ಹಿಡಿದದ್ದು. ಅತ್ತೆ ಒಂದೊಂದು ರೊಟ್ಟಿಯನ್ನೂ ಬಿಸಿಲಿಗೆ ಎತ್ತಿ ಹಿಡಿದು, ಸೀರೆಯ ನೇಯ್ಗೆ ನೋಡಿದ ಹಾಗೆ ನೋಡುವರು.

ಒಂದು ಮಧ್ಯಾಹ್ನ ಮಾವ ಬಾಯಿಗೆ ಬೆರಳು ಹಾಕಿ ಒಂದು ಕೂದಲು ಎಳೆದು ತಾಟಿನ ಅಂಚಿಗಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಜಡೆ ಬಿಚ್ಚಿ ನನ್ನದೊಂದು ಕಿತ್ತು ಅದರ ಪಕ್ಕಕ್ಕಿಟ್ಟೆ.

"ನೋಡ್ರಿ ಅತ್ತಿ. ನಂದು ಮಾರುದ್ದ, ಕರಿ. ಇದು ಬೆರಳುದ್ದಾನೂ ಇಲ್ಲ, ಗುಂಗುರು, ಬೆಳ್ಳಗೈತಿ."

ಅತ್ತೆ ಬಗ್ಗಿ ನೋಡಿ, "ಹಂಗಾರ ಎಮ್ಮೀದ" ಅಂದರು.

"ಬಿಳಿ ಎಮ್ಮಿ ಎಲ್ಲೈತ್ರಿ ನಮ್ಮನ್ಯಾಗ?"

ನನಗೆ ನಗು ಬಂತು. ತಿರುಗಿ ನೋಡಿದರೆ ಮಾವ ಅಳುತ್ತಿದ್ದರು.

"ಅದು ಊಟದಾಗಿಂದಲ್ಲ. ನನ್ನ ಬಾಯಾಗ ಹುಟ್ಟಾಕ ಹತ್ತೈತಿ. ರೋಗ ತಿರುಗಿ ಬಂದೈತಿ. ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ನನಗೆ ಬಹಳ ಹೆದರಿಕೆಯಾಯಿತು. ಓಡಿಹೋಗಿ ಓಣಿಯ ಡಾಕ್ಟರನ್ನು ಕರೆತಂದೆ. ಅವರು ಬ್ಯಾಟರಿ ಬಿಟ್ಟು ಮಾವನ ಬಾಯೊಳಗೆ ನೋಡಿದವರೇ ನಗತೊಡಗಿದರು.

"ಯಜಮಾನ್ರ, ಎದಿ ಚರ್ಮ ತಂದು ಬಾಯಾಗ ಹಚ್ಚ್ಯಾರ. ತಾ ಬಾಯಾಗ ಬಂದೇನಿ ಅಂತ ಅದಕ್ಕೇನ ಗೊತ್ತ? ಎದಿ ಮ್ಯಾಲೆ ಮಾಡೂ ಕೆಲಸ ಇಲ್ಲೂ ಮಾಡಾಕ ಹತ್ತೈತಿ. ಹಚ್ಚಿದ್ದು ಜೀವ ಹಿಡದೈತಿ ಅಂತ ತಿಳೀರಿ. ರೋಗ ಏನೂ ಕಾಣವಲ್ದು."

ಅಂದಿನಿಂದ ಆ ಕೂದಲು ಅತ್ತೆಯ ಪಾಲಿಗೆ ಬಂತು. ಸೀರೆಯ ಗಂಟು ಕೀಳುವ ಚಿಮಟ ಹಿಡಿದು, ಮಾವನನ್ನು ಬಾಗಿಲ ಬಿಸಿಲಿಗೆ ಕೂರಿಸಿ, ಒಂದೊಂದೇ ಕೀಳುವರು. ಮದುವೆಯಾದಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅವಾಗಲೇ ಹೇಳಿ ತೀರಿಸಿಕೊಂಡರು. ಬಾಯಿ ತೆರೆದು ಕೂತ ಮನುಷ್ಯ ಏನು ತಿರುಗಿ ಅಂದಾನು?

ಮಾವ ಉಣ್ಣತೊಡಗಿದರು. ದಿನ ಕಳೆದಂತೆ ಟವೆಲ್ಲು ಒದ್ದೆಯಾಗುವುದು ಕಡಿಮೆಯಾಯಿತು. ಒಂದು ದಿನ ಸಾರಿನಲ್ಲಿ ನೆನೆಸಿದ ರೊಟ್ಟಿ ಉಣ್ಣುತ್ತಿದ್ದರು, ನಾವಿಬ್ಬರೂ ಅವರ ಕುತ್ತಿಗೆಯನ್ನೇ ನೋಡುತ್ತಿದ್ದೆವು. ಒಂದು ಹನಿಯೂ ಹೊರಗೆ ಬರಲಿಲ್ಲ. ಮಾವ ತಲೆಯೆತ್ತಿ, "ಉಪ್ಪ ಕಮ್ಮಿ ಆಗೇತಿ" ಅಂದರು. ದವಾಖಾನೆಯಿಂದ ಬಂದಮೇಲೆ ಅವರು ರುಚಿಯ ಮಾತೆತ್ತಿದ್ದು ಅದೇ ಮೊದಲು.

"ಕೇಳಸ್ಲಿಲ್ಲೇನ? ಉಪ್ಪ ತಾ" ಎಂದು ಅತ್ತೆ ನನ್ನನ್ನು ಗದರಿದರು. ನಾನು ಏಳುವ ಮೊದಲೇ ತಾವೇ ಎದ್ದು ತಂದು ಬಡಿಸಿದರು. ಅವಸರದಲ್ಲಿ ಉಪ್ಪು ಜಾಸ್ತಿ ಬಿತ್ತು. ಮಾವ ಅದನ್ನೂ ಉಂಡರು.