ಮೇಲಿನಮನೆಯ ಹೆಪ್ಪು

ಫ್ರಿಜ್ಜಿನ ಬಾಗಿಲು ತೆಗೆದರೆ ಎದುರಿಗೇ ಆ ಡಬ್ಬಿ. ನೀಲಿ ಮುಚ್ಚಳ, ಒಳಗೆ ಎರಡು ಚಮಚ ಮೊಸರು. ನಾಲ್ಕು ದಿನ ನಾನು ಅದನ್ನು ಮುಟ್ಟಲಿಲ್ಲ, ಎಸೆಯಲೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು, ಇಟ್ಟುಕೊಳ್ಳಲೂ ಆಗದ್ದು, ಬಿಸಾಡಲೂ ಆಗದ್ದು.

ಅಮೆರಿಕದ ಈ ಕೆನ್ಮೋರಿನ ಚಳಿಗೆ ಮೊಸರು ಸರಿಯಾಗಿ ಕಟ್ಟುವುದಿಲ್ಲ. ಓವನ್ನಿನ ದೀಪ ಹಚ್ಚಿ ಒಳಗಿಟ್ಟರೂ ನನ್ನದು ಲೋಳೆ ಲೋಳೆ. ಮೊಸರು ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಈ ಊರಿನಲ್ಲಿ ಇಳಿಯಿತು. ಲಿನ್‌ವುಡ್‌ನಲ್ಲಿ ಯುಗಾದಿ ಊಟಕ್ಕೆ ಹೋದಾಗ ಇದನ್ನೇ ಹೇಳಿಕೊಂಡೆ. ಪಕ್ಕದಲ್ಲಿ ಕೂತಿದ್ದ ವೀಣಾ ಎಂಬವಳು, "ನಮ್ಮನೇದು ಗಟ್ಟಿ ಕಟ್ಟತ್ತೆ ಆಂಟೀ, ಹೆಪ್ಪು ತಂದ್ಕೊಡ್ತೀನಿ" ಎಂದಳು. ಮರುದಿನವೇ ಕಾರು ಓಡಿಸಿಕೊಂಡು ಬಂದು ಕೊಟ್ಟಳು. ಡಬ್ಬಿ ಕೈಗೆ ಬಂದ ಮೇಲೆ ನನ್ನ ಹಳೇ ಚಾಳಿ, ಯಾವೂರು, ಯಾರ ಪೈಕಿ ಎಂದು ಕೇಳಿದೆ. ಅಂಕೋಲೆಯ ಕಡೆ ನನ್ನದೇ ಹಳ್ಳಿಯ ಹೆಸರು ಹೇಳಿ, "ಅಲ್ಲಿ ಮೇಲಿನಮನೆ ಅಂತಾರಲ್ಲ, ಅದು ನಮ್ಮ ಮುತ್ತಜ್ಜನ ಮನೆ" ಎಂದಳು.

ಮೇಲಿನಮನೆಯ ಒಂದು ತೊಟ್ಟು ನೀರನ್ನೂ ನಮ್ಮವರು ಮುಟ್ಟುವುದಿಲ್ಲ. ನನ್ನ ಅಜ್ಜಿಯ ಕಾಲದ ಕಟ್ಟು. ವೀಣಾಳಿಗೆ ಅದು ಗೊತ್ತಿಲ್ಲ.

ಮೊನ್ನೆ ಸಂಜೆ ಮೊಮ್ಮಗಳು ನೇಹಾ ಅಡುಗೆಮನೆಯ ಮೇಜಿನ ಮೇಲೆ ಶಾಲೆಯ ಕಾಗದ ಹರವಿಕೊಂಡಿದ್ದಳು. ಈ ದೇಶದವರು ಹಿಂದೆ ಇಂಗ್ಲೆಂಡಿನ ರಾಜನ ಮೇಲೆ ಯಾಕೆ ತಿರುಗಿಬಿದ್ದರು ಎಂದು ಬರೆಯಬೇಕಂತೆ.

"ಅಜ್ಜಿ, ದೇ ವರ್ ಸೋ ಮ್ಯಾಡ್. ಟ್ಯಾಕ್ಸ್ ಹಾಕಿದ್ರು ಅಂತ ಟೀ ಎಲ್ಲಾ ಸಮುದ್ರಕ್ಕೆ ಎಸೆದ್ರು."

"ಸರಿ, ಮಾರನೇ ದಿನ ಬೆಳಿಗ್ಗೆ ಎಂತ ಕುಡದ್ರು?"

"ದಟ್ಸ್ ನಾಟ್ ದ ಪಾಯಿಂಟ್, ಅಜ್ಜಿ."

ತೆರಿಗೆ ದೊಡ್ಡದೇನಲ್ಲ, ತಮ್ಮನ್ನು ಒಂದು ಮಾತು ಕೇಳದೆ ಹಾಕಿದರು ಎಂಬುದೇ ಸಿಟ್ಟು ಎಂದು ಅವಳು ವಿವರಿಸಿದಳು. ಆ ಮಾತನ್ನು ನಾನು ನನ್ನ ಅಜ್ಜಿಯ ಬಾಯಲ್ಲಿ ಮೊದಲೇ ಕೇಳಿದ್ದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಚರಿತ್ರೆ ಎಂದರೆ ನನಗೆ ಅಜ್ಜಿ ಹೇಳಿದ್ದಷ್ಟೇ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯವರು ಭೂಮಿಯ ತೀರ್ವೆ ಕಟ್ಟುವುದಿಲ್ಲ ಎಂದು ಕೂತರು. ಅಜ್ಜ ಜೈಲಿಗೆ ಹೋದ. "ಕೊಡೂಕೆ ಇತ್ತು" ಎನ್ನುತ್ತಿದ್ದಳು ಅಜ್ಜಿ, "ಆದ್ರೆ ಕೇಳೂಕೆ ಅವ ಯಾರು? ನಮ್ಮ ಗದ್ದೆಲಿ ಒಂದಿನ ಕೆಸರು ತುಳ್ದಾನೆ?" ಅವ ಎಂದರೆ ರಾಜ. ರಾಜ ಬರಲಿಲ್ಲ. ನಮ್ಮದೇ ಭಾಷೆ ಆಡುವ ಸರಕಾರಿ ಜನ ಬಂದು ಗದ್ದೆ, ಭತ್ತ, ಪಾತ್ರೆ, ಕೊಟ್ಟಿಗೆಯ ಎಮ್ಮೆ ಎಲ್ಲ ಜಪ್ತಿ ಮಾಡಿದರು. ಎಮ್ಮೆಯ ಹೆಸರು ಬೆಳ್ಳಿ. ಕರಿ ಎಮ್ಮೆಗೆ ಬೆಳ್ಳಿ, ನಮ್ಮವರ ತಮಾಷೆ ಅಷ್ಟೇ. ಲಿಲಾವಿನಲ್ಲಿ ಅದನ್ನು ಮೇಲಿನಮನೆಯವರು ಕೊಂಡರು. ಜಪ್ತಿಯ ಮಾಲು ಕೊಂಡವರ ಮನೆಯಿಂದ ಬೆಂಕಿ, ನೀರು, ಹೆಪ್ಪು ಯಾವುದನ್ನೂ ತರಬಾರದೆಂದು ಊರು ಕಟ್ಟು ಹಾಕಿತು.

ಒಂಬತ್ತು ವರ್ಷದವಳಾಗುವವರೆಗೆ ನನಗೆ ಗೊತ್ತಿದ್ದುದು ಇಷ್ಟೇ, ಎದೆಯುಬ್ಬಿಸಿ ಹೇಳಿಕೊಳ್ಳುವ ಕಥೆ. ಒಂದು ದಿನ ಶಾಲೆಯಿಂದ ಬರುವಾಗ ಬಾಯಾರಿ ಮೇಲಿನಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿದೆ. ಬುದ್ಧಿ ಇಲ್ಲದವಳು, ಮನೆಗೆ ಬಂದು ಚೆನ್ನಾಗಿತ್ತೆಂದು ಹೇಳಿದೆ. ಅಜ್ಜಿ ಅಂಗಳದಲ್ಲಿ ಕೂರಿಸಿ, ಉಪ್ಪುನೀರು ಹೊಯ್ದು ಎಲ್ಲ ಕಕ್ಕಿಸಿದಳು. ಆಮೇಲೆ, "ನಿನ್ನ ಚಿಕ್ಕಪ್ಪ ಆ ಮನೆ ಹಾಲು ಮುಟ್ಟದೆ ಸತ್ತ. ನೀ ಮಜ್ಜಿಗೆ ಕುಡೂಕೆ ಹೋಗ್ತೆ?" ಎಂದಳು.

ಚಿಕ್ಕಪ್ಪ ಎಂದರೆ ಐದು ತಿಂಗಳ ಕೂಸು. ಜ್ವರ ಬಂದು ಅಜ್ಜಿಯ ಎದೆಹಾಲು ಬತ್ತಿತ್ತು. ಉಳಿದ ಮನೆಗಳ ದನವೂ ಜಪ್ತಿಯಾಗಿ ಕೇರಿಯಲ್ಲಿ ಹಾಲಿರಲಿಲ್ಲ. ಮೇಲಿನಮನೆಯ ಹೆಂಗಸು ಬೆಳಗಿನ ಜಾವ ಹಿತ್ತಲಿಂದ ಬಂದು ಬೆಳ್ಳಿಯ ಹಾಲು ಒಂದು ಚೊಂಬು ಇಟ್ಟು ಹೋದಳು. ಅಜ್ಜಿ ಅದನ್ನು ತೆಂಗಿನ ಬುಡಕ್ಕೆ ಹೊಯ್ದಳು. ಮಾರನೇ ದಿನ ಇನ್ನೊಂದು ಚೊಂಬು. ಅದನ್ನೂ ಹೊಯ್ದಳು. ಮೂರನೇ ದಿನ ಆಕೆ ಬರಲಿಲ್ಲ. ಗಂಜಿಯ ತಿಳಿಯಲ್ಲಿ ಕೂಸು ಎಂಟು ದಿನ ಇತ್ತು.

ಅಜ್ಜಿಯಂಥವರು ಹಟ ಹಿಡಿಯದಿದ್ದರೆ ಬಿಳಿಯರು ಹೋಗುತ್ತಿರಲಿಲ್ಲ, ಅದು ನನಗೂ ಗೊತ್ತು. ಅವರು ಹೋದ ಮೇಲೆ ಗದ್ದೆ ತಿರುಗಿ ಬಂತು. ತೀರ್ವೆ ಮಾತ್ರ ಹೋಗಲಿಲ್ಲ, ನಮ್ಮವರಿಗೇ ಕಟ್ಟಿದೆವು. ಆದರೆ ದೂರದ ರಾಜನವರೆಗೆ ಬಡವರ ಕೈ ಎಟಕುವುದಿಲ್ಲ. ಎಟಕುವುದು ನೆರೆಮನೆಯವರೆಗೆ, ಮತ್ತೆ ತಮ್ಮದೇ ಮನೆಯ ತೊಟ್ಟಿಲವರೆಗೆ.

ಈ ಕಥೆಯನ್ನು ನೇಹಾಳಿಗೆ ಹಿಂದೆಯೂ ಹೇಳಿದ್ದೆ, ಚೊಂಬಿನ ಭಾಗ ಬಿಟ್ಟು. ಮೊನ್ನೆ ಅದನ್ನೂ ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಬಟ್ ಅಜ್ಜಿ, ಅದು ನಿಮ್ಮದೇ ಎಮ್ಮೆ ಅಲ್ವಾ?"

"ಹೌದು."

"ಬೇಬಿ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಎಮ್ಮೆಯ ಹೆಸರನ್ನು ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದೇನೆ, ಇಲ್ಲಿಯವರೆಗೂ. ಕೂಸಿನ ಹೆಸರನ್ನು ಅಜ್ಜಿ ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ನಮ್ಮ ಮನೆಯಲ್ಲಿ ನನಗಿಂತ ಹಿರಿಯರು ಯಾರೂ ಉಳಿದಿಲ್ಲ.

ಎದ್ದು ಹಾಲು ಬೆಚ್ಚಗೆ ಮಾಡಿದೆ. ನೀಲಿ ಮುಚ್ಚಳ ತೆಗೆದು ಎರಡು ಚಮಚವನ್ನೂ ಹಾಕಿ ಓವನ್ನಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿ ಕಟ್ಟಿತ್ತು. ಅನ್ನಕ್ಕೆ ಕಲಸಿಕೊಂಡು ಉಂಡೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಡಬ್ಬಿ ತೊಳೆದಿಟ್ಟಿದ್ದೇನೆ. ಭಾನುವಾರ ಲಿನ್‌ವುಡ್‌ಗೆ ಹೋಗಿ ಕೊಟ್ಟು ಬರಬೇಕು. ವೀಣಾಳ ಅಜ್ಜಿ ಊರಿನಲ್ಲಿ ಇನ್ನೂ ಇದ್ದಾಳಂತೆ. ಫೋನು ಹಚ್ಚಿಸಿ ಕೇಳಬೇಕು, ಕೆಳಗಿನ ನಮ್ಮ ಮನೆಯ ಆ ಕೂಸಿಗೆ ಏನೆಂದು ಕರೆಯುತ್ತಿದ್ದರು ಅಂತ ಅವರ ಮನೆಯಲ್ಲಿ ಯಾರಾದರೂ ಹೇಳಿದ್ದರೋ ಎಂದು.