ಗೆರೆ ತುಳಿಯುವ ಅಕ್ಕೋರು
ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಟಬಿಲ್ಲೆಯ ಮನೆಗಳಿಗೆ ಒಂದೊಂದು ಅಕ್ಷರ ಬರೆದು, ಮಹಾಂತಮ್ಮ ಅಕ್ಕೋರು ತಾವೇ ಮೊದಲು ಕುಂಟತೊಡಗಿದರು. ದೇವದುರ್ಗದಲ್ಲಿ ಬೇವು ಹೂಬಿಟ್ಟಿತೆಂದರೆ ಅವರ ಒಂದನೇ ತರಗತಿ ಅಂಗಳದಲ್ಲೇ ನಡೆಯುತ್ತಿತ್ತು. ಅವರಷ್ಟು ಸಲ ಗೆರೆ ತುಳಿದವರು ಇಡೀ ತಾಲೂಕಿನಲ್ಲಿಲ್ಲ, ತುಳಿದ ಮೇಲೆ ಜಗಳ ಬೇರೆ: “ಯಾವ ಮನಿ ಗೆರಿ ತುಳಿದೀನಿ? ಅಕ್ಷರ ಹೇಳ್ರಿ, ಔಟಾಗ್ತೀನಿ!” ಮಕ್ಕಳು ಅಕ್ಷರ ಕೂಗಿ ಅವರನ್ನು ಹೊರಹಾಕುತ್ತಿದ್ದರು. ಮನೆಯಲ್ಲಿ ದಖನಿ ಉರ್ದು ಆಡುವ ಕುಬ್ರಾ ಮಾತ್ರ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲೂ ಹೀಗೇ ಕೂತರೆ ನಪಾಸು ಎಂದಿದ್ದರು ಹೆಡ್‌ಮಾಸ್ತರು. ಅಂದಿನಿಂದ ಅಕ್ಕೋರ ಕಾಲು ತಪ್ಪುತ್ತಿದ್ದುದು ಕುಬ್ರಾ ನಿಂತ ಬದಿಯಲ್ಲೇ, ಉಳಿದವರಿಗೆ ಕಾಣದ ಹಾಗೆ. ಇಂದೂ ತುಳಿದು, “ಯಾರೂ ನೋಡಿಲ್ಲ ಬಿಡ್ರಿ” ಎಂದು ಮುಂದೆ ಕುಂಟಿದರು. “ಝೂಟ್! ಸುಳ್ಳು! ‘ಮ’ ತುಳಿದ್ರಿ ಅಕ್ಕೋರೇ, ಔಟ್!” ಎಂದು ಕುಬ್ರಾ ಚೀರಿದಳು. ಅಕ್ಕೋರು ಬೇವಿನ ನೆರಳಿಗೆ ಹೋಗಿ ಕೂತರು. ಮುಂದಿನ ಸರದಿ ಕುಬ್ರಾಳದಾಯಿತು.