ಬಯಕೆಯ ನೀರು

ಹಳೆಯ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಕ್ಕೆ ಬಿಸಿಲು ಬೇಕು. ಸೀರೆಯನ್ನು ಮನೆಯೊಳಗೆ ನೋಡಬಾರದು. ಹೊಸ್ತಿಲಾಚೆ ತಂದು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯಬೇಕು. ಒಳಗೆ ಗಟ್ಟಿಯಾಗಿ ಕಂಡದ್ದು ಹೊರಗೆ ಜರಡಿಯಾಗಿರುತ್ತದೆ. ಈ ಕಸುಬಿಗೆ ಇಳಿಯುವವರಿಗೆ ಇವತ್ತಿಗೂ ನಾನು ಹೇಳುವ ಮೊದಲ ಮಾತು ಇದು. ಹುಮನಾಬಾದಿನಲ್ಲಿ ನನ್ನದೂ ಒಂದು ಅಂಗಡಿ ಅಂತ ಆದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಅದಕ್ಕೂ ಮುಂಚೆ ತಲೆಯ ಮೇಲೆ ಬುಟ್ಟಿ ಹೊತ್ತು ದುಬಲಗುಂಡಿ, ರಾಜೇಶ್ವರ, ಬಸವಕಲ್ಯಾಣದ ಗಲ್ಲಿಗಳು ಎಂದು ತಿರುಗಿದವಳು ನಾನು.

ಬಿಸಿಲಿಗೆ ಬರುವುದು ಸೀರೆ ಒಂದೇ ಅಲ್ಲ, ಸೀರೆಯವಳೂ ಬರುತ್ತಾಳೆ. ತನ್ನ ಮಾಲು ಎಂಥದೆಂದು ವಾದಿಸಲು ಮುಖವೆತ್ತಿ ನಿಲ್ಲುತ್ತಾಳೆ. ತೊಂಬತ್ತರ ದಶಕದ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಬಸವಕಲ್ಯಾಣದ ಕೋಟೆ ಕಡೆಯ ಗಲ್ಲಿಯೊಂದರಲ್ಲಿ ಹಾಗೆ ವಾದಿಸುತ್ತಿದ್ದವಳ ಕಣ್ಣಿನ ಬಿಳುಪು ಅರಿಸಿನವಾಗಿತ್ತು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮುದುಕನದೂ ಹಾಗೆಯೇ. ಕಾಮಣಿ, ಅಂದರೆ ಕಾಮಾಲೆ. ನಾನು ಚೌಕಾಸಿಯನ್ನು ಅರ್ಧಕ್ಕೆ ಬಿಟ್ಟು ಬುಟ್ಟಿ ಎತ್ತಿಕೊಂಡೆ. ಅದೇ ಗಲ್ಲಿಗೆ ನನ್ನ ತಂಗಿಯನ್ನು ಕೊಟ್ಟಿದ್ದೆ. ಅವ್ವ ಹೋದ ಮೇಲೆ ನಾನೇ ಬೆಳೆಸಿದ ಹುಡುಗಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಈಗ ಬಸುರಿ.

ಹೋದವಳೇ ಅವಳ ಕೈ ಹಿಡಿದು ಅಂಗಳಕ್ಕೆ ಎಳೆದು, ರೆಪ್ಪೆ ಜಗ್ಗಿ ನೋಡಿದೆ.

"ಏನಕ್ಕಾ, ನಾನೂ ಹಳೀ ಸೀರಿ ಏನ? ಬಿಸಿಲಿಗಿ ಹಿಡದು ನೋಡಾಕತ್ತಿ!" ಎಂದು ನಕ್ಕಳು.

ಕಣ್ಣು ಬೆಳ್ಳಗಿದ್ದವು. ಆದರೂ ನನಗೆ ಕುಳಿತುಕೊಳ್ಳಲು ಆಗಲಿಲ್ಲ.

ಆ ಗಲ್ಲಿಯ ನಡುವೆ ಒಂದು ಕಲ್ಲುಕಟ್ಟಡದ ಬಾವಿ. ಅದರ ನೀರು ಸಿಹಿ. ನಮ್ಮ ಕಡೆ ನೀರನ್ನು ಪರೀಕ್ಷೆ ಮಾಡುವುದು ತೊಗರಿಬೇಳೆಯಿಂದ. ಬೇಳೆ ಬೇಗ ಕರಗಿ ಬೆಂದರೆ ನೀರು ಒಳ್ಳೆಯದು, ಕಲ್ಲಿನ ಹಾಗೆ ಉಳಿದರೆ ಕೆಟ್ಟದ್ದು. ಮುಂದೆ ಮಾತೇ ಇಲ್ಲ. ಹೆಣ್ಣು ಕೊಡುವಾಗ ಹೊಲ ಎಷ್ಟು ಎಂದು ಕೇಳುವ ಮೊದಲು "ನಿಮ್ಮ ಕಡಿ ಬ್ಯಾಳಿ ಬೇಯ್ತದೇನ್ರಿ?" ಎಂದು ಕೇಳುವ ಜನ ನಾವು. ಗಲ್ಲಿಯ ತುದಿಗೆ ಕೈಪಂಪೊಂದಿತ್ತು. ಅದರ ನೀರು ಸವಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ಅದು ಬಟ್ಟೆಗೆ, ಎಮ್ಮೆಗೆ, ಮತ್ತು ತುದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವರಿಗೆ.

ನಾನು ಸುಮ್ಮನಿರುವವಳಲ್ಲ. ಸೀರೆ ಕೇಳುವ ನೆಪದಲ್ಲಿ ಗಲ್ಲಿ ಪೂರ್ತಿ ತಿರುಗಿದೆ. ಹಳದಿ ಕಣ್ಣು ಕಂಡದ್ದೆಲ್ಲ ಬಾವಿಯ ಆಸುಪಾಸಿನ ಮನೆಗಳಲ್ಲಿ. ತುದಿಯ ಗುಡಿಸಲುಗಳಲ್ಲಿ ಒಬ್ಬರಿಗೂ ಇಲ್ಲ. ಇನ್ನೊಂದನ್ನೂ ಕಂಡೆ. ಹಿಂದಿನ ಬೇಸಿಗೆಯಲ್ಲಿ ಬಾವಿಯ ಸುತ್ತ ಮನೆಮನೆಗೂ ಪಾಯಿಖಾನೆ ಬಂದಿತ್ತು. ಬಂದದ್ದು ಒಳ್ಳೆಯದೇ. ಆದರೆ ಗುಂಡಿ ತೋಡಿದ್ದು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಅಲ್ಲಿಯದು ಕೆಂಪು ಮುರುಮು ನೆಲ. ಒಂದು ಕೊಡ ನೀರು ಸುರಿದರೆ ಎಲ್ಲಿ ಹೋಯಿತೆಂದು ತಿಳಿಯದು. ಗುಂಡಿಯಲ್ಲಿಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಹುಮನಾಬಾದಿಗೆ ಮರಳಿದವಳು ನನ್ನ ಗಿರಾಕಿಯಾಗಿದ್ದ ನರ್ಸಮ್ಮನ ಮನೆಗೆ ಹೋದೆ. ಗಲ್ಲಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಆಕೆ ಕೇಳಿ, ನನಗೆ ಹಾಕಲು ತೆಗೆದಿದ್ದ ಸೀರೆಯನ್ನು ಕೆಳಗಿಟ್ಟಳು.

"ಹೊಲಸು ಸೇರಿದ ನೀರು ಕುಡದ್ರ ಈ ಕಾಮಣಿ ಬರ್ತದ. ನೀರು ತಿಳಿ ಇರ್ತದ, ರುಚಿನೂ ಇರ್ತದ, ಕಣ್ಣಿಗಿ ಏನೂ ಕಾಣಂಗಿಲ್ಲ. ಉಳದವರಿಗಿ ಬಂದ್ರ ಬಹಳ ಮಂದಿಗಿ ಪಥ್ಯ ಮಾಡಿ ಕಡಿಮಿ ಆಗ್ತದ. ಬಸುರಿಗಿ ಬಂದ್ರ ಜೀವಕ್ಕ ಬರ್ತದ ತಾಯಿ. ಒಂದೋ ಆಕಿನ್ನ ಕರಕೊಂಡು ಬಾ, ಇಲ್ಲಾ ನೀರು ಗಳಗಳ ಕುದಿಸಿ ಕುಡಸು."

ಮರುದಿನ ಮೊದಲ ಬಸ್ಸಿಗೇ ಹೊರಟೆ. ತಂಗಿಯ ಅತ್ತೆ, ನನ್ನ ಬೀಗತಿ, ಕಿರಾಣಿ ಅಂಗಡಿಯವರ ಮನೆಯ ಹಿರಿಯಳು. ಮನಸ್ಸು ಕೆಟ್ಟದ್ದಲ್ಲ, ಆದರೆ ತನ್ನ ಮನೆಯ ವಸ್ತುವಿಗೆ ಯಾರಾದರೂ ಹೆಸರಿಟ್ಟು ಕುಂದು ಹೇಳಿದರೆ ಸಹಿಸುವವಳಲ್ಲ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದೆ.

"ಐದನೇ ತಿಂಗಳಾಗ ತವರಿಗಿ ಹೋದ್ರ ಮಂದಿ ಏನಂತಾರ? ಅತ್ತಿ ಕೂಳು ಹಾಕಲಿಲ್ಲ ಅಂತಾರ. ಏಳರಾಗ ಕುಬಸ ಮಾಡಿ ಉಡಿ ತುಂಬ್ತೀವಿ, ಆಮ್ಯಾಲ ಕರಕೊಂಡು ಹೋಗು."

"ಹಂಗಾದ್ರ ನೀರು ಜರಾ ಕುದಿಸಿ ಕೊಡ್ರಿ ಬೀಗತಿಯವರ. ಗಲ್ಲಿದಾಗ ಕಾಮಣಿ ಬಂದಾದ."

"ನಮ್ಮ ಬಾವಿ ನೀರಿನಾಗ ಬ್ಯಾಳಿ ಬೆಣ್ಣಿ ಆಗ್ತದ. ಅಂಥಾ ನೀರಿಗಿ ಹೆಸರು ಇಡ್ತಿ ಏನ? ಮತ್ತ ಕುದಿಸಿದ ನೀರು ಬಾಣಂತಿ ಕುಡಿಯೂದು. ಹಡಿಯೂಕಿಂತ ಮೊದಲ ಬಾಣಂತಿ ನೀರು ಕುಡಿಸಿ ಅಪಶಕುನ ಮಾಡ್ತಿ ಏನ್ ನೀನು?"

ಇಲ್ಲಿ ಒಂದು ಮಾತು ಹೇಳುತ್ತೇನೆ, ವ್ಯಾಪಾರ ಮಾಡದವರಿಗೂ ಬಳಕೆಗೆ ಬರುತ್ತದೆ. ಗಿರಾಕಿಯ ಸೀರೆಯನ್ನು ಹೀಯಾಳಿಸಬಹುದು, ಮನೆಯನ್ನು ಹೀಯಾಳಿಸಬಾರದು. ಮನೆಯ ಮಾತು ಬಂದ ಕೂಡಲೇ ಸೌದಾ ಮುರಿಯುತ್ತದೆ. ಅವಳು ಬೇಡ ಎಂದ ಬಾಗಿಲಲ್ಲಿ ತಲೆ ಚಚ್ಚಿಕೊಳ್ಳದೆ, ಅವಳೇ ತೆರೆದಿಟ್ಟಿರುವ ಬಾಗಿಲು ಯಾವುದು ಎಂದು ಹುಡುಕಬೇಕು. ಬೀಗತಿಗೆ ಶಾಸ್ತ್ರ ಮುಖ್ಯ. ಹಾಗಿದ್ದರೆ ಬಾಣಂತಿಯ ಶಾಸ್ತ್ರವನ್ನು ಮೀರಿದ ಶಾಸ್ತ್ರ ಯಾವುದು? ಬಸುರಿಯ ಬಯಕೆ. ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಂಬದ ಅತ್ತೆ ನಮ್ಮ ಸೀಮೆಯಲ್ಲಿ ಇರಲಿಲ್ಲ.

ತಂಗಿಯನ್ನು ಹಿತ್ತಲಿಗೆ ಕರೆದೆ.

"ನಾಳಿಂದ ನಿನಗ ಜೀರಿಗಿ ನೀರಿನ ಬಯಕಿ."

"ನನಗ ಹುಣಸಿಕಾಯಿ ಬಯಕಿ ಅದ ಅಕ್ಕಾ."

"ಹುಣಸಿಕಾಯಿ ನಾ ತಂದು ಕೊಡ್ತೀನಿ. ಅತ್ತಿ ಮುಂದ ಜೀರಿಗಿ ನೀರು. ಗಳಗಳ ಕುದ್ದಿರಬೇಕು. ಹಸೀ ನೀರು ಕಂಡ್ರ ವಾಕರಿಕಿ ಬರ್ತದ ಅನ್ನು."

"ಬರದಿದ್ರ?"

"ತರಸು!"

ತರಿಸಿದಳು. ಎರಡೇ ದಿನದಲ್ಲಿ ಬೀಗತಿ ಬಾವಿಕಟ್ಟೆಯ ಮೇಲೆ ನಿಂತು, "ಎಲ್ಲಾರ ಸೊಸ್ತೇರು ಮಣ್ಣು, ಬೂದಿ ಬಯಸ್ತಾರ. ನಮ್ಮಾಕಿದು ರಾಣಿ ಬಯಕಿ ನೋಡ್ರಿ, ಜೀರಿಗಿ ಹಾಕಿ ಕುದಿಸಿದ ನೀರೇ ಬೇಕು!" ಎಂದು ಹೇಳಿಕೊಳ್ಳುತ್ತಿದ್ದಳಂತೆ.

ಸೌದಾ ಕುದುರಿತು ಎಂದು ನಾನು ನಿದ್ದೆ ಮಾಡಬೇಕಿತ್ತು, ಮಾಡಲಿಲ್ಲ. ಬೀಗತಿಗೆ ಸೀಮೆಎಣ್ಣೆ ಉಳಿಸುವ ಚಿಂತೆ. ನೀರು ಬೆಚ್ಚಗಾಗಿ ಜೀರಿಗೆಯ ವಾಸನೆ ಬಂದ ಕೂಡಲೇ ಇಳಿಸಿಬಿಡುತ್ತಾಳೆ ಎಂದು ತಂಗಿ ಹೇಳಿದಳು. ಅಂದಿನಿಂದ ನನ್ನ ಬುಟ್ಟಿಯ ಪಾತ್ರೆಗಳ ಮೇಲೆ ತೊಗರಿಕಟ್ಟಿಗೆಯ ಹೊರೆಯೂ ಏರಿತು. ಬೇರೊಂದು ಊರಿಗೆ ಹೋಗಬೇಕಾದವಳು ಬಸ್ಸು ಬದಲಿಸಿ ಬಸವಕಲ್ಯಾಣಕ್ಕೆ ಹೋಗುತ್ತಿದ್ದೆ. ಒಲೆಯ ಮುಂದೆ ಕೂತು, "ಇನ್ನೂ ಕುದಿಲಿ ಬೀಗತಿಯವರ, ಜೀರಿಗಿ ಬಣ್ಣ ಬಿಡಲಿ," ಎಂದು ತಡೆಯುತ್ತಿದ್ದೆ. ಗುಳ್ಳೆ ಎದ್ದು ಮುಚ್ಚಳ ಕುಣಿಯುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ಊರಿಗೆ ಬಂದ ಮೇಲೆ, ನಾನಿಲ್ಲದ ದಿನ ಹೇಗೆ ಕುದಿಸಿದರೋ ಎಂಬ ಚಿಂತೆ.

ಎದುರು ಮನೆಯ ಸೊಸೆಯೂ ಬಸುರಿ. ನನ್ನ ತಂಗಿಗೂ ಅವಳಿಗೂ ಒಂದೇ ತಿಂಗಳು. ಇಬ್ಬರೂ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಮಾತಾಡುತ್ತಿದ್ದರು. ನಾನು ಕಟ್ಟಿದ ಬಯಕೆ ಅವಳ ಬಾಯಲ್ಲಿ ಬರುವಂತಿರಲಿಲ್ಲ, ಯಾಕೆಂದರೆ ಅವಳ ಅತ್ತೆ ಆ ರಾಣಿ ಬಯಕೆಯ ಮಾತು ಕೇಳಿ ಕೇಳಿ ಸಿಟ್ಟಿಗೆದ್ದಿದ್ದಳು. ಹಾಗಾಗಿ ಆ ಮನೆಗೆ ನೇರವಾಗಿಯೇ ಹೋದೆ. ಬಾವಿ, ಗುಂಡಿ, ಕಾಮಣಿ, ನರ್ಸಮ್ಮ ಹೇಳಿದ್ದು, ಎಲ್ಲ ಬಿಡಿಸಿ ಹೇಳಿದೆ. ಆ ಅತ್ತೆ ಕಟ್ಟೆಯ ಮೇಲಿದ್ದ ಹೆಂಗಸರ ಕಡೆ ತಿರುಗಿದಳು.

"ಹಂಡೆ ಮಾರಾಕ ಹೊಸಾ ಆಟ ಹೂಡ್ಯಾಳ ನೋಡ್ರಿ ಈಕಿ! ಮೊದಲ ಬಾವಿ ಕೆಟ್ಟದ ಅಂತಾಳ, ಆಮ್ಯಾಲ ಬುಟ್ಟಿ ಇಳಸ್ತಾಳ."

"ಮಾರಾಕ ಬಂದಿಲ್ರಿ. ತಗೋರಿ, ಈ ಪಾತೇಲಿ ಮುಫತ್. ಸೀರಿ ಬ್ಯಾಡ, ಏನೂ ಬ್ಯಾಡ. ಕುದಿಸಿ ಕುಡಸ್ರಿ ಸಾಕು," ಎಂದು ಇದ್ದುದರಲ್ಲಿ ದೊಡ್ಡ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟೆ.

"ಈಕಿ ಮುಫತ್ ಕೊಡಾಕತ್ತಾಳಂದ್ರ ತಳದಾಗ ತೂತು ಇರಬೇಕು!"

ಹೆಂಗಸರೆಲ್ಲ ನಕ್ಕರು. ಒಬ್ಬಳು ಪಾತ್ರೆಯನ್ನು ಎತ್ತಿ ಬಿಸಿಲಿಗೆ ಹಿಡಿದು, ನನ್ನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. ಮತ್ತೆ ನಗು. ಅರ್ಧ ಜೀವಮಾನ ಚೌಕಾಸಿ ಮಾಡಿದವಳ ಬಾಯಿಂದ ಖರೆ ಮಾತು ಬಂದರೆ ಅದಕ್ಕೆ ಗಿರಾಕಿ ಇರುವುದಿಲ್ಲ. ಬಾಗಿಲೊಳಗೆ ನಿಂತಿದ್ದ ಆ ಹುಡುಗಿ ಮಾತ್ರ ನಗಲಿಲ್ಲ. ಮರುವಾರ ಹೋದಾಗ ನನ್ನ ಪಾತೇಲಿ ತಂಗಿಯ ಮನೆಯ ಕಟ್ಟೆಯ ಮೇಲಿತ್ತು. ಬೋರಲು ಹಾಕಿ ಇಟ್ಟು ಹೋಗಿದ್ದರು.

ದೀಪಾವಳಿಯ ಆಸುಪಾಸಿಗೆ ಆ ಹುಡುಗಿಯ ಕಣ್ಣು ಹಳದಿಯಾದವು. ಮೊದಲು ಯಾವುದೋ ಹಳ್ಳಿಯಿಂದ ಬೇರಿನ ಔಷಧ ತಂದರು. ಜ್ವರ ಏರಿತು, ಮಾತು ತಪ್ಪಿತು. ಜೀಪಿನಲ್ಲಿ ಗುಲಬರ್ಗಾಕ್ಕೆ ಕರೆದೊಯ್ದರು. ಅದೇ ಜೀಪಿನಲ್ಲಿ ಅವಳ ಹೆಣ ತಂದರು. ಹೊಟ್ಟೆಯಲ್ಲಿದ್ದ ಕೂಸೂ ಹೋಗಿತ್ತು.

ನಾನು ಹೋದ ದಿನ ಬೀಗತಿ ಕುಬಸದ ಮಾತನ್ನೇ ಎತ್ತಲಿಲ್ಲ. "ಗಲ್ಲಿಗಿ ದೃಷ್ಟಿ ಆಗ್ಯಾದ. ಈಕಿನ್ನ ಜಲ್ದಿ ಕರಕೊಂಡು ಹೋಗು," ಎಂದು ತಾನೇ ತಂಗಿಯ ಗಂಟು ಕಟ್ಟಿ ಕೊಟ್ಟಳು. ನಾನು ನೀರಿನ ಮಾತು ಆಡಲಿಲ್ಲ. ಮನಸ್ಸು ಬದಲಾಗುವ ಮುಂಚೆ ತಂಗಿಯನ್ನು ಬಸ್ಸು ಹತ್ತಿಸಬೇಕಿತ್ತು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಅವಳ ಕಣ್ಣನ್ನು ನೋಡುತ್ತಿದ್ದೆ. ಹುಮನಾಬಾದಿನಲ್ಲಿಯೂ ಹೆರಿಗೆಯ ದಿನದವರೆಗೆ ದಿನಾ ಬೆಳಿಗ್ಗೆ ಅಂಗಳಕ್ಕೆ ಕರೆದು ನೋಡಿದೆ. ಈಗ ಅವಳು ಹಳೀ ಸೀರಿ ಎಂದು ನಗುತ್ತಿರಲಿಲ್ಲ. ತಾನೇ ಬಂದು ಮುಖವೆತ್ತಿ ನಿಲ್ಲುತ್ತಿದ್ದಳು. ಹೆಣ್ಣು ಹುಟ್ಟಿತು. ತಾಯಿ, ಮಗು ಇಬ್ಬರೂ ಗಟ್ಟಿ.

ತಿಂಗಳುಗಳು ಕಳೆದು ಗಂಡನ ಮನೆಗೆ ಕಳಿಸುವ ದಿನ ಬಂತು. ಬಾಣಂತಿ ಮತ್ತೆ ನೀರು ಸೇದುವ ಮೊದಲು ಬಾವಿಗೆ ಹೋಗಿ ಗಂಗೆಯ ಪೂಜೆ ಮಾಡಬೇಕು. ಅರಿಸಿನ ಕುಂಕುಮ ಏರಿಸಿ, ಮೊದಲ ಕೊಡದ ನೀರನ್ನು ಒಂದು ಗುಟುಕು ತೀರ್ಥವಾಗಿ ಕುಡಿಯಬೇಕು. ಆ ಗುಟುಕಿನ ಯೋಚನೆಯಲ್ಲಿ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಗಲ್ಲಿಯ ಗುಂಡಿಗಳು ಅಲ್ಲಿಯೇ ಇದ್ದವು. ಇಂದು ಗುಟುಕು ಕುಡಿದರೆ ನಾಳೆ ಕೊಡ ಕುಡಿಯಬೇಕು. ಕೂಸಿಗೂ ಅದೇ ನೀರು.

"ಬಾಯಿಗಿ ಹಚ್ಚಿದಂಗ ಮಾಡು, ಸೆರಗಿನಾಗ ಬಿಡು. ಯಾರೂ ನೋಡಂಗಿಲ್ಲ. ಮನಿಗಿ ಹೋದ ಮ್ಯಾಲ ಕೂಸಿನ ನೆಪ ಹೇಳಿ ಕುದಿಸಿಕೋ," ಎಂದು ಕಿವಿಯಲ್ಲಿ ಹೇಳಿದೆ. ತಲೆ ಆಡಿಸಿದಳು.

ಬಾವಿಕಟ್ಟೆಯ ಸುತ್ತ ಗಲ್ಲಿಯ ಹೆಂಗಸರು. ಎದುರು ಮನೆಯ ಅತ್ತೆ ತನ್ನ ಬಾಗಿಲಲ್ಲೇ ನಿಂತಿದ್ದಳು, ಈ ಕಡೆ ಬರಲಿಲ್ಲ. ತಂಗಿ ಕಲ್ಲಿಗೆ ಅರಿಸಿನ ಹಚ್ಚಿದಳು, ಹೂವು ಇಟ್ಟಳು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು. ಬೀಗತಿ ಹಿತ್ತಾಳೆಯ ಗ್ಲಾಸು ತುಂಬಿ ಕೊಟ್ಟಳು. ತಂಗಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಅತ್ತೆಯ ಕೈಗೇ ಮರಳಿ ಕೊಟ್ಟಳು.

"ಗಂಗಿಗಿ ಕೈ ಮುಗೀತೀನಿ ಅತ್ತಿ. ಕುಡಿಯಂಗಿಲ್ಲ."

"ಏನ್ ಅಂದಿ?"

"ನಾ ಹಡಿಯೂ ತನಕ ಕುದಿಸಿದ ನೀರು ಕುಡದೆ. ಅದು ಬಯಕಿ ಅಲ್ಲ, ಅಂಜಿಕಿ. ನಾ ಉಳದೆ. ಆಕಿ ಹಸೀ ನೀರು ಕುಡದಳು." ಎದುರಿನ ಬಾಗಿಲ ಕಡೆ ತೋರಿಸಿದಳು. "ನನ್ನ ಮಗಳಿಗಿ ಈ ನೀರು ಹಸೀದು ಹಾಕಂಗಿಲ್ಲ. ನೀವು ಬೈರಿ, ಬಡೀರಿ."

ಯಾರೂ ನಗಲಿಲ್ಲ. ಬೀಗತಿ ಗ್ಲಾಸು ಹಿಡಿದುಕೊಂಡೇ ಎದುರಿನ ಬಾಗಿಲನ್ನು ನೋಡಿದಳು. ಅಲ್ಲಿ ನಿಂತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಬೀಗತಿ ಬಗ್ಗಿ ಗ್ಲಾಸಿನ ನೀರನ್ನು ಕಟ್ಟೆಯ ಬುಡಕ್ಕೆ, ಕೆಂಪು ಮಣ್ಣಿಗೆ ಸುರಿದಳು. ಮಣ್ಣು ಅದನ್ನು ಕೂಡಲೇ ಹೀರಿಕೊಂಡಿತು.

"ನಡಿ ಮನಿಗಿ," ಎಂದಳು ಸೊಸೆಗೆ. "ಒಲಿ ಹಚ್ಚತೀನಿ."

ಅವರಿಬ್ಬರೂ ಕೂಸನ್ನೆತ್ತಿಕೊಂಡು ಮುಂದೆ ಹೋದರು. ನಾನು ಅಲ್ಲಿಯೇ ನಿಂತೆ. ಹೆಂಗಸರಲ್ಲಿ ಒಬ್ಬಳು ಹಗ್ಗಕ್ಕೆ ಕೊಡ ಕಟ್ಟಿದಳು, ಕೈ ತಡೆದು ನನ್ನ ಕಡೆ ತಿರುಗಿದಳು.

"ಎಷ್ಟ್ ಹೊತ್ತು ಕುದಿಸಬೇಕ ಬೇ?"